ಡಿಶ್‌ವಾಷರ್ ಸೋರುತ್ತಿದೆಯೇ? ಹಾಸನ, ಚಿಕ್ಕಮಗಳೂರಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಡಿಶ್‌ವಾಷರ್ ಸೋರಿದ ಕೂಡಲೇ ಎಲ್ಲರೂ ಅನುಮಾನಪಡುವುದು ಬಾಗಿಲಿನ ರಬ್ಬರಿನ ಮೇಲೆ. ಎಷ್ಟೋ ಸಲ ತಪ್ಪು ಅದರದ್ದಾಗಿರುವುದಿಲ್ಲ. ನೀರು ಎಲ್ಲಿ ಕಾಣಿಸಿತು, ಯಾವ ಹೊತ್ತಿನಲ್ಲಿ ಕಾಣಿಸಿತು ಎಂಬ ಎರಡು ಸಂಗತಿ ತಿಳಿದರೆ ಕೆಟ್ಟಿರುವ ಭಾಗ ಯಾವುದೆಂದು ಬಹುಪಾಲು ತಿಳಿದಂತೆ. ಇಲ್ಲಿನ ಪ್ರಶ್ನೆಗಳು ಸುಲಭದವುಗಳಿಂದ ಶುರುವಾಗಿ ಮೆಷೀನಿನ ಒಳಗಿನ ದೋಷಗಳ ತನಕ ಹೋಗುತ್ತವೆ.

## ಮೊದಲು ನೋಡಬೇಕಾದ್ದು

ಅಡುಗೆಮನೆ ನೆಲದ ತುಂಬಾ ನೀರು. ಮೊದಲು ಏನ್ ಮಾಡ್ಬೇಕು?

ನೀರಿಗೆ ಕಾಲಿಡುವ ಮೊದಲು ಕರೆಂಟು ತೆಗೆಯಿರಿ. ಸ್ವಿಚ್ಚು ಮೆಷೀನಿನ ಹಿಂದೆ ಇದ್ದು ಅಲ್ಲಿಗೆ ಹೋಗಲು ನೀರು ತುಳಿಯಬೇಕಾದರೆ, ಮೀಟರ್ ಬೋರ್ಡಿನಲ್ಲಿ ಅಡುಗೆಮನೆಯ ಎಂಸಿಬಿಯನ್ನೇ (ಕರೆಂಟು ಕಡಿಯುವ ಸ್ವಿಚ್ಚು) ಇಳಿಸಿ. ನೀರು ಕಾಯಿಸುವಾಗ ಈ ಮೆಷೀನು ಸುಮಾರು 2000 ವ್ಯಾಟ್ ಎಳೆಯುತ್ತದೆ. ಒದ್ದೆ ನೆಲದ ಮೇಲೆ ಎಕ್ಸ್‌ಟೆನ್ಶನ್ ಬಾಕ್ಸ್ ಬಿದ್ದಿದ್ದರೆ ಅಪಾಯ ಸಣ್ಣದಲ್ಲ. ಆಮೇಲೆ ಮೆಷೀನಿಗೆ ಹೋಗುವ ನಲ್ಲಿ ತಿರುಗಿಸಿ ಬಂದ್ ಮಾಡಿ. ನಲ್ಲಿ ಬಂದ್ ಮಾಡಿದ ಮೇಲೂ ನೀರು ಬರುತ್ತಿದೆಯೇ, ನಿಂತುಹೋಯಿತೇ ಎಂದು ಗಮನಿಸಿಕೊಳ್ಳಿ. ಮುಂದೆ ಇದೇ ದೊಡ್ಡ ಸುಳಿವಾಗುತ್ತದೆ.

ಈ ಮೆಷೀನಿಗೆ ಅರ್ಥಿಂಗ್ ಇರುವ 16 ಆಂಪಿಯರ್ ಪ್ಲಗ್ಗು, ಮನೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನೇ ಕಡಿಯುವ ಸ್ವಿಚ್ಚು) ಇರಲೇಬೇಕು. ಹಳೆಯ ಹೆಂಚಿನ ಮನೆಗಳಲ್ಲಿ ಎರಡೂ ಇರುವುದಿಲ್ಲ. ಅಂಥ ಕಡೆ ಸೋರಿಕೆಗಿಂತ ಮೊದಲು ವೈರಿಂಗ್ ಸರಿಮಾಡಿಸಿ.

ನೀರು ಮೆಷೀನಿಂದಲೇ ಬರ್ತಿದೆ ಅಂತ ಖಚಿತ ಮಾಡ್ಕೊಳ್ಳೋದು ಹೇಗೆ?

ನೆಲವನ್ನು ಪೂರ್ತಿ ಒರೆಸಿ. ಮೆಷೀನಿನ ಕೆಳಗೆ, ಎರಡು ಪಕ್ಕಕ್ಕೆ, ಸಿಂಕಿನ ಕೆಳಗಿನ ಕಪಾಟಿನಲ್ಲಿ ಹಳೆಯ ದಿನಪತ್ರಿಕೆ ಹಾಸಿ. ನಲ್ಲಿಯ ಜೋಡಣೆಗೂ ಪೈಪಿನ ಕ್ಲಿಪ್ಪಿಗೂ ಟಿಶ್ಯೂ ಕಾಗದ ಸುತ್ತಿ. ಪಾತ್ರೆ ಹಾಕದೆ, ಪುಡಿ ಹಾಕದೆ ಚಿಕ್ಕ ಪ್ರೋಗ್ರಾಂ ಒಂದನ್ನು ಓಡಿಸಿ, ಗಡಿಯಾರ ನೋಡುತ್ತಾ ಟಾರ್ಚ್ ಹಿಡಿದು ಕೂರಿ.

ಸಾಮಾನ್ಯವಾಗಿ ಮೊದಲು ಅರ್ಧ ನಿಮಿಷ ಒಳಗುಳಿದ ನೀರು ಹೊರಹೋಗುತ್ತದೆ. ಆಮೇಲೆ ಒಂದೂವರೆಯಿಂದ ಮೂರು ನಿಮಿಷ ನೀರು ತುಂಬುತ್ತದೆ, ಸುಮಾರು 3-4 ಲೀಟರ್. ಅನಂತರ ಸಿಂಪಡಿಕೆ ಶುರು. ತುಂಬುವಾಗಲೇ ಕಾಗದ ಒದ್ದೆಯಾದರೆ ಒಳಬರುವ ಪೈಪು, ಅದರ ವಾಲ್ವು, ಇಲ್ಲವೇ ಮಿತಿಮೀರಿ ತುಂಬುವುದು ಕಾರಣ. ಸಿಂಪಡಿಕೆ ಶುರುವಾದ ಮೇಲೆ ಮುಂಭಾಗದಲ್ಲಿ ಕಂಡರೆ ಬಾಗಿಲಿನ ಸುತ್ತ ನೋಡಿ. ನಡುಭಾಗದಲ್ಲಿ ಹನಿ ಬಿದ್ದರೆ ಪಂಪು. ಮೋಟಾರು ಗೊರಗೊರ ಎಂದು ನೀರು ಹೊರಹಾಕುವಾಗ ಮಾತ್ರ ಬಂದರೆ ಹೊರಹೋಗುವ ಪೈಪು ಅಥವಾ ಸಿಂಕು. ಮೆಷೀನು ಓಡದೆ ಇರುವಾಗಲೂ ಒದ್ದೆಯಾದರೆ ನಲ್ಲಿ ಅಥವಾ ತಳ.

ಪಾತ್ರೆ ಹಾಕದೆ ಓಡಿಸಿದಾಗ ಒಂದು ಹನಿಯೂ ಬರದೆ, ಪಾತ್ರೆ ತುಂಬಿದಾಗ ಮಾತ್ರ ಬಂದರೆ ಮೆಷೀನು ಚೆನ್ನಾಗಿಯೇ ಇದೆ. ಜೋಡಿಸುವ ರೀತಿಯಲ್ಲೋ ಸೋಪಿನಲ್ಲೋ ತೊಂದರೆ ಇದೆ.

ತೊಳೆದಾದ ಮೇಲೆ ಬಾಗಿಲು ತೆಗೆದರೆ ನಾಲ್ಕು ಹನಿ ಕೆಳಗೆ ಬೀಳುತ್ತೆ. ಇದೂ ಲೀಕೇಜಾ?

ಅಲ್ಲ. ಒಳಗಿನ ಹಬೆ ಬಾಗಿಲಿನ ಒಳಮೈಗೆ ತಗುಲಿ ನೀರಾಗಿ ಇಳಿಯುತ್ತದೆ. ಮಲೆನಾಡಿನ ಆಷಾಢದಲ್ಲಿ ಇದು ಇನ್ನೂ ಜಾಸ್ತಿ. ತಣ್ಣೀರು ತುಂಬುವಾಗ ಒಳಬರುವ ಪೈಪಿನ ಹೊರಮೈಯೂ ಬೆವರುತ್ತದೆ. ತೊಳೆದಾದ ಮೇಲೆ 15-20 ನಿಮಿಷ ಬಿಟ್ಟು ಬಾಗಿಲು ತೆಗೆದರೆ ಕಡಿಮೆಯಾಗುತ್ತದೆ. ಮೆಷೀನಿನ ಮೇಲೆ ಪ್ಲೈವುಡ್ ಕಟ್ಟೆ ಇದ್ದರೆ ಅದರ ಅಡಿಗೆ ಹಬೆ ತಡೆಯುವ ಅಲ್ಯುಮಿನಿಯಂ ಹಾಳೆ ಅಂಟಿಸಿ, ಇಲ್ಲದಿದ್ದರೆ ಎರಡು ಮಳೆಗಾಲದೊಳಗೆ ಪ್ಲೈ ಉಬ್ಬುತ್ತದೆ.

## ಬಾಗಿಲಿನ ಕಡೆಯಿಂದ ಬರುವ ನೀರು

ಟ್ಯಾಬ್ಲೆಟ್ ಖಾಲಿ ಆಗಿತ್ತು ಅಂತ ಸಿಂಕಿಗೆ ಬಳಸೋ ಲಿಕ್ವಿಡ್ ಒಂದು ಚಮಚ ಹಾಕಿದ್ವಿ. ನೊರೆ ಬಾಗಿಲಿಂದ ಉಕ್ಕಿ ಬರ್ತಿದೆ!

ಕೈಯಲ್ಲಿ ತೊಳೆಯುವ ಸೋಪು ನೊರೆ ಬರಲೆಂದೇ ಮಾಡಿದ್ದು. ಡಿಶ್‌ವಾಷರ್ ಪುಡಿಯಲ್ಲಿ ನೊರೆ ಬರುವುದೇ ಇಲ್ಲ ಎನ್ನುವಷ್ಟು ಕಡಿಮೆ. ನೊರೆಗೆ ರಬ್ಬರಿನ ಸಂದಿ ಅಡ್ಡಿಯಲ್ಲ, ನುಸುಳಿ ಬರುತ್ತದೆ. ಪ್ರೋಗ್ರಾಂ ರದ್ದು ಮಾಡಿ ನೀರು ಹೊರಹೋಗಲು ಬಿಡಿ. ಬಾಗಿಲು ತೆಗೆದು ಕಂಡ ನೊರೆಯನ್ನು ಬಟ್ಟೆಯಲ್ಲಿ ತೆಗೆದುಹಾಕಿ. ತಳಕ್ಕೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ನೊರೆ ಕುಸಿಯುತ್ತದೆ. ಆಮೇಲೆ ಏನೂ ಹಾಕದೆ ತಣ್ಣೀರಿನ ರಿನ್ಸ್ ಎರಡು ಸಲ ಓಡಿಸಿ. ಬಿಸಿನೀರು ಬೇಡ, ಅದರಲ್ಲಿ ನೊರೆ ಮತ್ತೆ ಏಳುತ್ತದೆ. ನೊರೆ ಪೂರ್ತಿ ಹೋಗಿದೆ ಎಂದು ಖಾತ್ರಿಯಾದ ಮೇಲೆಯೇ ಪಾತ್ರೆ ಹಾಕಿ.

ಲಿಕ್ವಿಡ್ ಹಾಕದೆಯೂ ನೊರೆ ಬರುವ ಮನೆಗಳಿವೆ. ಸಿಂಕಿನಲ್ಲಿ ಸೋಪು ಹಚ್ಚಿದ ಪಾತ್ರೆಯನ್ನು ಹಾಗೇ ಒಳಗಿಡುವುದು ಒಂದು ಕಾರಣ. ರಿನ್ಸ್ ಏಡ್ (ಪಾತ್ರೆ ಬೇಗ ಒಣಗಲು ಹಾಕುವ ದ್ರವ) ತುಂಬುವಾಗ ಚೆಲ್ಲಿದ್ದನ್ನು ಒರೆಸದಿರುವುದು, ಅಥವಾ ಅದರ ಪ್ರಮಾಣವನ್ನು ಗರಿಷ್ಠಕ್ಕೆ ಇಟ್ಟಿರುವುದು ಇನ್ನೊಂದು.

ದಿನಾ ಏನೂ ಇಲ್ಲ. ಮುದ್ದೆ ಪಾತ್ರೆ, ದೊಡ್ಡ ಬಾಣಲೆ ಹಾಕಿದ ದಿನ ಮಾತ್ರ ಮುಂದೆ ನೀರು.

ಇದರಲ್ಲಿ ಎರಡು ವಿಷಯಗಳಿವೆ. ಒಂದು, ಪಾತ್ರೆ ಇಡುವ ಕೋನ. ಕೆಳಗಿನ ತಟ್ಟೆಯಲ್ಲಿ ಅಗಲವಾದ ಬಾಣಲೆಯನ್ನು ಬಾಗಿಲಿನ ಪಕ್ಕ ಓರೆಯಾಗಿ ಇಟ್ಟರೆ, ಸಿಂಪಡಿಸುವ ರೆಕ್ಕೆಯಿಂದ ಚಿಮ್ಮುವ ನೀರು ಬಾಣಲೆಗೆ ಬಡಿದು ನೇರವಾಗಿ ಬಾಗಿಲಿನ ಕೆಳಸಂದಿಗೆ ನುಗ್ಗುತ್ತದೆ. ಆ ಕೆಳಸಂದಿಯಲ್ಲಿ ಮೇಲೆ ಮತ್ತು ಪಕ್ಕದಲ್ಲಿರುವಂತೆ ದಪ್ಪ ರಬ್ಬರಿರುವುದಿಲ್ಲ. ಅಲ್ಲಿಗೆ ನೇರ ಧಾರೆ ಬೀಳುವುದಿಲ್ಲವೆಂಬ ಲೆಕ್ಕದಲ್ಲೇ ಮೆಷೀನು ಮಾಡಿರುತ್ತಾರೆ. ಬಾಣಲೆ, ಕುಕ್ಕರ್, ಕೊಳಗ ಎಲ್ಲವನ್ನೂ ಹಿಂಭಾಗಕ್ಕೆ ಸರಿಸಿ ಮುಖ ಕೆಳಗೆ ಮಾಡಿ ಇಡಿ. ಬಾಗಿಲು ಹಾಕುವ ಮುನ್ನ ರೆಕ್ಕೆಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ. ಸೌಟಿನ ಹಿಡಿ ತಟ್ಟೆಯ ಸಂದಿಯಿಂದ ಕೆಳಗೆ ಇಳಿದು ರೆಕ್ಕೆಗೆ ತಡೆಯಾದರೆ, ನೀರೆಲ್ಲ ಒಂದೇ ಕಡೆ ಹೊಡೆಯುತ್ತದೆ.

ಎರಡನೆಯದು ರಾಗಿ. ಮುದ್ದೆ ತಿರುವಿದ ಪಾತ್ರೆಯ ತಳದ ಹಿಟ್ಟು ಬಿಸಿನೀರಿಗೆ ಕರಗುವುದಿಲ್ಲ, ಅಂಟಾಗಿ ಬಂದು ಮೆಷೀನಿನ ತಳದ ಸಣ್ಣ ಜಾಲರಿಯ (ಫಿಲ್ಟರ್) ಮೇಲೆ ಪದರ ಕಟ್ಟುತ್ತದೆ. ಅಕ್ಕಿ ರೊಟ್ಟಿ ಹಿಟ್ಟು, ಗಂಜಿಯ ತಿಳಿಯೂ ಹಾಗೇ. ಜಾಲರಿ ಕಟ್ಟಿಕೊಂಡರೆ ಪಂಪಿಗೆ ನೀರು ಸಾಲದೆ ಗಾಳಿ ಎಳೆಯುತ್ತದೆ, ಪಿಷ್ಟದ ನೀರಲ್ಲಿ ನೊರೆಯೇಳುತ್ತದೆ, ತಳದಲ್ಲಿ ನೀರು ಏರುತ್ತದೆ. ಮುದ್ದೆ ಪಾತ್ರೆಯನ್ನು ತಣ್ಣೀರಲ್ಲಿ ನೆನೆಹಾಕಿ, ಹಿಟ್ಟನ್ನು ಕೆರೆದು ತೆಗೆದ ಮೇಲೆಯೇ ಒಳಗಿಡಿ. ಕಾಫಿ ಫಿಲ್ಟರಿನ ಚರಟವನ್ನು ಪೂರ್ತಿ ಬಡಿದು ತೆಗೆಯದೆ ಹಾಕಿದರೂ ಜಾಲರಿಗೆ ಇದೇ ಗತಿ.

ಜಾಲರಿಯನ್ನು ವಾರಕ್ಕೆರಡು ಸಲ ತೆಗೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೊಳೆಯಿರಿ. ರೆಕ್ಕೆಗಳನ್ನು ತಿಂಗಳಿಗೊಮ್ಮೆ ಕಳಚಿ ನಲ್ಲಿಗೆ ಹಿಡಿದು ಅಲ್ಲಾಡಿಸಿ. ಒಗ್ಗರಣೆಯ ಸಾಸಿವೆ, ಕರಿಬೇವಿನ ಕಡ್ಡಿ ತೂತುಗಳಲ್ಲಿ ಸಿಕ್ಕಿಕೊಂಡಿರುವುದು ಕಾಣಿಸುತ್ತದೆ. ಕಡ್ಡಿ ಬರದಿದ್ದರೆ ಟೂತ್‌ಪಿಕ್ ಸಾಕು, ಸೂಜಿ ಹಾಕಿ ತೂತು ದೊಡ್ಡದು ಮಾಡಬೇಡಿ.

ಬಾಗಿಲಿನ ಕೆಳಗೆ ಒಂದೇ ಮೂಲೆಯಿಂದ ಸೋರುತ್ತೆ. ಯಾಕೆ?

ಮೊದಲು ಮಟ್ಟ ನೋಡಿ. ಗಾರೆ ಕೆಲಸದವರ ರಸಮಟ್ಟವನ್ನು ಒಳಗಿನ ತಟ್ಟೆಯ ಹಳಿಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಡಿ. ಮುಂದಕ್ಕೆ ವಾಲಿದ್ದರೆ ನೀರು ಹೊಸ್ತಿಲಿನ ಕಡೆ ಬರುತ್ತದೆ. ಪಕ್ಕಕ್ಕೆ ವಾಲಿದ್ದರೆ ಆ ಮೂಲೆಯಿಂದಲೇ ಇಳಿಯುತ್ತದೆ. ಹಾಸನದ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಬಚ್ಚಲ ಕಡೆಗೆ ಇಳಿಜಾರಾಗಿರುವುದು ಮಾಮೂಲು. ಮೆಷೀನಿನ ಕಾಲುಗಳನ್ನು ಸ್ಪ್ಯಾನರಿನಲ್ಲಿ ತಿರುಗಿಸಿ ಸರಿಮಾಡಬಹುದು. ಅಡಿಗೆ ರಟ್ಟಿನ ಚೂರು ಸಿಕ್ಕಿಸುವುದು ಬೇಡ, ಒದ್ದೆಯಾಗಿ ಕುಸಿಯುತ್ತದೆ.

ಮಟ್ಟ ಸರಿಯಿದ್ದರೆ ಕೆಳಗಿನ ರೆಕ್ಕೆಯನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಅದು ಪ್ಲಾಸ್ಟಿಕ್ಕಿನ ಎರಡು ಭಾಗ ಬೆಸೆದು ಮಾಡಿದ್ದು. ಬೆಸುಗೆ ಬಿಟ್ಟಿದ್ದರೆ ಸಂದಿಯಿಂದ ಚಪ್ಪಟೆ ಧಾರೆಯೊಂದು ಪಕ್ಕಕ್ಕೆ ಹೊಡೆದು ಬಾಗಿಲಿನ ಮೂಲೆ ಸೇರುತ್ತದೆ. ಹೊಸ ರಬ್ಬರ್ ಹಾಕಿಸಿದರೂ ನಿಲ್ಲದ ಸೋರಿಕೆಯಲ್ಲಿ ಈ ಬಿರುಕನ್ನು ಮೊದಲು ನೋಡಬೇಕು, ಮೆಕ್ಯಾನಿಕ್ಕುಗಳೂ ಇದನ್ನು ನೋಡದೆ ಬಿಡುವುದುಂಟು. ಅಂಟಿಸುವುದರಿಂದ ಪ್ರಯೋಜನವಿಲ್ಲ, ರೆಕ್ಕೆ ಬದಲಿಸಿ.

ಕೊನೆಗೆ ಬಾಗಿಲಿನ ಕೀಲು. ತೆರೆದಾಗ ಬಾಗಿಲು ದಡ್ಡನೆ ಬಿದ್ದರೆ ಪಕ್ಕದ ಸ್ಪ್ರಿಂಗೋ ದಾರವೋ ತುಂಡಾಗಿದೆ. ಬಾಗಿಲು ಒಂದು ಕಡೆ ಜಗ್ಗಿ ರಬ್ಬರಿಗೆ ಸರಿಯಾಗಿ ಒತ್ತುವುದಿಲ್ಲ.

ಬಾಗಿಲಿನ ರಬ್ಬರ್ ನಾವೇ ಬದಲಾಯಿಸಬಹುದಾ?

ಮೇಲೆ ಮತ್ತು ಎರಡು ಪಕ್ಕ ಸುತ್ತುವ ಬೀಡಿಂಗನ್ನು ಬಹುತೇಕ ಮಾಡೆಲ್‌ಗಳಲ್ಲಿ ಸ್ಕ್ರೂ ಇಲ್ಲದೆ ಉದ್ದನೆಯ ಸಂದಿಯೊಳಗೆ ಒತ್ತಿ ಕೂರಿಸಿರುತ್ತಾರೆ. ಮಾಡೆಲ್ ನಂಬರು ಬಾಗಿಲಿನ ಅಂಚಿನ ಸ್ಟಿಕ್ಕರಿನಲ್ಲಿರುತ್ತದೆ. ಅದನ್ನು ಕೊಟ್ಟೇ ತರಿಸಿ, ಮೀಟರ್ ಲೆಕ್ಕದ ಬೀಡಿಂಗ್ ಕೂರುವುದಿಲ್ಲ. ಹಳೆಯದನ್ನು ಎಳೆದು ತೆಗೆದು ಆ ಸಂದಿಯ ಜಿಡ್ಡನ್ನು ಬಟ್ಟೆಯಿಂದ ಒರೆಸಿ. ಹೊಸದನ್ನು ಹತ್ತು ನಿಮಿಷ ಬಿಸಿನೀರಿನಲ್ಲಿಟ್ಟರೆ ಮಡಿಕೆ ಹೋಗುತ್ತದೆ. ಮೇಲಿನ ನಡುಭಾಗದಿಂದ ಶುರುಮಾಡಿ ಎರಡೂ ಕಡೆಗೆ ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ, ಮೂಲೆಗಳಲ್ಲಿ ಎಳೆಯಬೇಡಿ. ಉದ್ದ ಹೆಚ್ಚಾದಂತೆ ಕಂಡರೆ ಕತ್ತರಿಸದೆ ಮತ್ತೆ ಹಂಚಿ ಕೂರಿಸಿ. ಕೆಳಸಂದಿಯ ಪಟ್ಟಿ ಬೇರೆಯೇ ಪಾರ್ಟು. ಅದಕ್ಕೆ ಕೆಲವು ಮೆಷೀನುಗಳಲ್ಲಿ ಬಾಗಿಲಿನ ಹೊರಹಲಗೆ ಬಿಚ್ಚಬೇಕು.

ಹೊಸದು ತರಿಸುವ ಮುನ್ನ ಹಳೆಯದನ್ನು ಒಮ್ಮೆ ತೊಳೆದು ನೋಡಿ. ಜಿಡ್ಡು, ಸಾಸಿವೆ ಕಾಳು ಸಿಕ್ಕಿಕೊಂಡಿದ್ದಕ್ಕೇ ಸೋರುವುದುಂಟು.

ಹಲಸಿನ ಕಾಯಿ ಹೆಚ್ಚಿದ ಚಾಕು, ಪಾತ್ರೆ ಹಾಕಿದ್ಮೇಲೆ ರಬ್ಬರಿಗೆ ಮೇಣ ಅಂಟಿದೆ.

ಮೇಣ ಬಿಸಿನೀರಿನಲ್ಲಿ ಮೆತ್ತಗಾಗಿ ಹರಡುತ್ತದೆ, ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಉಜ್ಜಿ ತೆಗೆದು, ಕೂಡಲೇ ಸೋಪಿನ ಬಟ್ಟೆಯಲ್ಲಿ ಎಣ್ಣೆಯನ್ನೂ ಒರೆಸಿ. ಎಣ್ಣೆ ಉಳಿದರೆ ರಬ್ಬರು ಉಬ್ಬಬಹುದು. ಪೆಟ್ರೋಲು, ಸೀಮೆಎಣ್ಣೆ, ಥಿನ್ನರ್ ಮುಟ್ಟಿಸಬೇಡಿ.

## ಪೈಪು, ನಲ್ಲಿ, ಸಿಂಕು

ನಲ್ಲಿ ಹತ್ತಿರ ತೊಟ್ಟಿಕ್ಕುತ್ತೆ. ಪ್ಲಂಬರ್ ಟೆಫ್ಲಾನ್ ಟೇಪ್ ಸುತ್ತಿ ಹೋದ್ರೂ ನಿಂತಿಲ್ಲ.

ಮುಕ್ಕಾಲು ಇಂಚಿನ ಈ ಜೋಡಣೆಯಲ್ಲಿ ನೀರು ತಡೆಯುವುದು ಮರೆ (ತಿರುಪಿನ ಸುತ್ತು) ಅಲ್ಲ, ಪೈಪಿನ ಬಾಯೊಳಗಿರುವ ಚಪ್ಪಟೆ ರಬ್ಬರ್ ವಾಷರ್. ಮರೆಗೆ ಎಷ್ಟು ಟೇಪ್ ಸುತ್ತಿದರೂ ಲಾಭವಿಲ್ಲ. ದಪ್ಪ ಸುತ್ತಿದರೆ ವಾಷರಿಗೆ ಒತ್ತಡವೇ ಬೀಳದೆ ಇನ್ನಷ್ಟು ಸೋರುತ್ತದೆ. ನಲ್ಲಿ ಬಂದ್ ಮಾಡಿ ಪೈಪು ಬಿಚ್ಚಿ, ಟೇಪನ್ನೆಲ್ಲ ಕಿತ್ತುಹಾಕಿ, ವಾಷರ್ ಬದಲಿಸಿ. ಕೈಯಲ್ಲಿ ಬಿಗಿಯುವಷ್ಟು ಬಿಗಿದು ಆಮೇಲೆ ಪಕ್ಕಡಿನಲ್ಲಿ ಕಾಲು ಸುತ್ತು, ಅಷ್ಟೇ. ಹೆಚ್ಚು ಬಿಗಿದರೆ ಪ್ಲಾಸ್ಟಿಕ್ ನಟ್ಟು ಸೀಳುತ್ತದೆ. ಟೇಪ್ ಬೇಕಾಗುವುದು ನಲ್ಲಿ ಗೋಡೆಗೆ ಕೂರುವ ಜಾಗದಲ್ಲಿ ಮಾತ್ರ.

ಪೈಪಿನ ತುದಿಯಲ್ಲಿ ದಪ್ಪ ಪ್ಲಾಸ್ಟಿಕ್ ಡಬ್ಬಿ ಇದ್ದರೆ ಅದು ಅಕ್ವಾಸ್ಟಾಪ್, ಅಂದರೆ ಸೋರಿದಾಗ ನೀರು ತಡೆಯುವ ಸಾಧನ. ಅಂಥ ಹಲವು ಪೈಪುಗಳೊಳಗೆ ವೈರು ಹಾದುಹೋಗಿರುತ್ತದೆ. ಪೈಪು ಕತ್ತರಿಸುವುದು, ಡಬ್ಬಿಯನ್ನು ನೀರಲ್ಲಿ ಅದ್ದುವುದು ಬೇಡ.

ನೀರು ಹೊರಗೆ ಬಿಡೋವಾಗ ಮಾತ್ರ ಸಿಂಕಿನ ಕೆಳಗೆ ಒದ್ದೆ.

ಹೆಚ್ಚಿನ ಸಲ ಇದು ಮೆಷೀನಿನ ತಪ್ಪಲ್ಲ, ಸಿಂಕಿನ ಪೈಪು ಅರ್ಧ ಕಟ್ಟಿದೆ. ಕೈಯಲ್ಲಿ ತೊಳೆದಾಗ ನಿಧಾನ ಹೋಗುವ ನೀರು ತಡೆದುಕೊಳ್ಳುತ್ತದೆ. ಪಂಪು ಒಂದೇ ಸಮನೆ ತಳ್ಳಿದಾಗ ಸಡಿಲ ಜೋಡಣೆಯಿಂದ ಉಕ್ಕುತ್ತದೆ. ಸಿಂಕು ತುಂಬಿಸಿ ಒಮ್ಮೆಲೇ ಬಿಟ್ಟು ನೋಡಿದರೆ ಗೊತ್ತಾಗುತ್ತದೆ. ಸಿಂಕಿನ ಅಡಿಯ ಬಾಟಲ್ ಟ್ರ್ಯಾಪ್ (ಬಾಟಲಿಯಾಕಾರದ ಪೈಪಿನ ಭಾಗ) ಬಿಚ್ಚಿ ಜಿಡ್ಡು ತೆಗೆಯಿರಿ. ಹೊಸ ಟ್ರ್ಯಾಪ್ ಆಗಿದ್ದರೆ ಮೆಷೀನಿನ ಪೈಪು ಕೂರುವ ಮೂತಿಯೊಳಗೆ ತೆಳು ಪ್ಲಾಸ್ಟಿಕ್ ಪರದೆ ಹಾಗೇ ಉಳಿದಿರಬಹುದು, ಅದನ್ನು ಕೊರೆದು ತೆಗೆಯಬೇಕು. ಮೂತಿಗೆ ತಂತಿ ಸುತ್ತಬೇಡಿ, ಸ್ಟೀಲ್ ಕ್ಲಿಪ್ಪೇ ಬೇಕು.

ಹೊರಹೋಗುವ ಪೈಪು ನೆಲದಿಂದ ಕನಿಷ್ಠ 40 ಸೆಂಟಿಮೀಟರ್ ಮೇಲೇರಿ ಆಮೇಲೆ ಇಳಿಯಬೇಕು, ಸುಮಾರು ಒಂದು ಮೀಟರ್ ದಾಟಬಾರದು. ನಿಖರವಾದ ಅಳತೆ ಮೆಷೀನಿನ ಪುಸ್ತಕದಲ್ಲಿರುತ್ತದೆ. ನೆಲದ ಮೋರಿಗೆ ನೇರ ಇಳಿಬಿಟ್ಟರೆ ತುಂಬಿದ ನೀರು ತಾನಾಗಿ ಜಾರಿಹೋಗುತ್ತದೆ.

ತೋಟದ ಮನೆ. ಪೈಪನ್ನ ಇಲಿ ಕಡೀತಾನೇ ಇರುತ್ತೆ. ಏನು ಮಾಡೋದು?

ಸುರುಳಿಯಾಕಾರದ ಹೊರಹೋಗುವ ಪೈಪು ಮೆತ್ತಗಿರುತ್ತದೆ, ಅದರಲ್ಲಿ ಅನ್ನದ ವಾಸನೆಯೂ ಇರುತ್ತದೆ. ಮೂಡಿಗೆರೆ, ಸಕಲೇಶಪುರ ಕಡೆ ಮಳೆ ಹಿಡಿದ ಮೇಲೆ ಇಲಿ ಒಳಗೆ ಸೇರುವುದಕ್ಕೆ ಮೆಷೀನಿನ ಅಡಿಯ ಬೆಚ್ಚನೆ ಜಾಗ ಸಾಕು. ಕಡಿದ ಪೈಪಿಗೆ ಟೇಪ್ ಸುತ್ತಿ ಓಡಿಸಬೇಡಿ, ಪೈಪನ್ನೇ ಬದಲಿಸಿ. ಹೊಸದಕ್ಕೆ ಸ್ಟೀಲ್ ಹೆಣಿಗೆಯ ಹೊದಿಕೆ ಹಾಕಿ, ಗೋಡೆಯ ತೂತಿನ ಸುತ್ತ ಸಿಮೆಂಟು ಮೆತ್ತಿ, ಮೆಷೀನಿನ ಮುಂದೆ ಬಾಗಿಲಿನ ಕೆಳಗಿರುವ ಕೆಳಪಟ್ಟಿಯನ್ನು ಬಿಚ್ಚಿ ಇಡಬೇಡಿ. ಪೈಪು ಬದಲಿಸುವಾಗ ಒಳಗಿನ ವೈರುಗಳನ್ನೂ ಕಡಿದಿದೆಯೇ ನೋಡಿಸಿ.

## ಒಳಗಿನ ದೋಷಗಳು

ಮೆಷೀನ್ ಆಫ್ ಇದ್ರೂ ಒಳಗೆ ನೀರು ತುಂಬ್ತಾ ಹೋಗುತ್ತೆ!

ಪ್ಲಗ್ ಕಿತ್ತ ಮೇಲೂ ತುಂಬಿದರೆ ಒಳಬರುವ ಸೊಲೆನಾಯ್ಡ್ ವಾಲ್ವು (ಕರೆಂಟಿನಿಂದ ತೆರೆಯುವ ವಾಲ್ವು) ಮುಚ್ಚುತ್ತಿಲ್ಲ. ಪ್ಲಗ್ ಕಿತ್ತಾಗ ನಿಂತರೆ ವಾಲ್ವು ಸರಿಯಿದೆ; ಮೆಷೀನಿನ ಕಂಟ್ರೋಲ್ ಬೋರ್ಡು ಅಥವಾ ನೀರಿನ ಮಟ್ಟ ಅಳೆಯುವ ಸೆನ್ಸರಿನಲ್ಲಿ ದೋಷವಿದೆ. ವಾಲ್ವು ಬದಲಿಸುವತನಕ ತೊಳೆದಾದ ಕೂಡಲೇ ನಲ್ಲಿ ಬಂದ್ ಮಾಡುತ್ತಿರಿ.

ಮುಚ್ಚದಿರಲು ಮರಳು, ಮಣ್ಣು ಸಿಕ್ಕುವುದು ಒಂದು ಕಾರಣ. ಹಳ್ಳದಿಂದ ಪೈಪು ಎಳೆದ ತೋಟದ ಮನೆಗಳಲ್ಲಿ ಜೂನ್-ಜುಲೈನಲ್ಲಿ ಕೆಂಪು ನೀರು ಬಂದಾಗ ಹೀಗಾಗುತ್ತದೆ. ನಲ್ಲಿಗೂ ಪೈಪಿಗೂ ನಡುವೆ ಸೆಡಿಮೆಂಟ್ ಫಿಲ್ಟರ್ ಹಾಕಿಸಿ, ವಾಲ್ವಿನ ಬಾಯಿಯ ಸಣ್ಣ ಜಾಲರಿಯನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೊಳೆಯಿರಿ.

ಇನ್ನೊಂದು ಕಾರಣ ಕಡಿಮೆ ಒತ್ತಡ, ಇದನ್ನು ಯಾರೂ ಅನುಮಾನಿಸುವುದಿಲ್ಲ. ಈ ವಾಲ್ವಿನ ಒಳಗಿನ ರಬ್ಬರ್ ಪೊರೆಯನ್ನು ಮುಚ್ಚಿ ಹಿಡಿಯುವುದು ನೀರಿನದೇ ಒತ್ತಡ. ಹೆಚ್ಚಿನ ಮೆಷೀನುಗಳು ಕನಿಷ್ಠ 0.5 ಬಾರ್ ಕೇಳುತ್ತವೆ, ಕೆಲವು 0.3. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್. ಒಂದಂತಸ್ತಿನ ಮನೆಯ ತಾರಸಿಯ ಟ್ಯಾಂಕು ವಾಲ್ವಿಗಿಂತ ನಾಲ್ಕು ಮೀಟರ್ ಮೇಲಿದ್ದರೆ ಸಿಗುವುದು 0.4 ಮಾತ್ರ. ಟ್ಯಾಂಕನ್ನು ಒಂದೂವರೆ ಮೀಟರ್ ಎತ್ತರಿಸಿ, ಇಲ್ಲವೇ ಸಣ್ಣ ಪ್ರೆಶರ್ ಪಂಪು ಹಾಕಿಸಿ.

ಡಿಸ್‌ಪ್ಲೇಲಿ ಇ15 ಬರ್ತಿದೆ, ಪಂಪ್ ನಿಲ್ಲದೆ ಓಡ್ತಿದೆ. ನೆಲದ ಮೇಲೆ ನೀರೇ ಇಲ್ಲ.

ನೀರು ಮೆಷೀನಿನ ಅಡಿಯಲ್ಲಿ ಹೊರಗೆ ಕಾಣದಂತಿರುವ ತಳದ ತಟ್ಟೆಯಲ್ಲಿದೆ. ಬಾಷ್, ಸೀಮೆನ್ಸ್ ಮೆಷೀನುಗಳಲ್ಲಿ ಇ15 ಎಂದರೆ ಅದೇ. ಎಲ್‌ಜಿಯಲ್ಲಿ ಎಇ, ಸ್ಯಾಮ್‌ಸಂಗ್‌ನಲ್ಲಿ ಎಲ್‌ಸಿ. ತಟ್ಟೆಯಲ್ಲಿ ನೀರು ಸೇರಿದಾಗ ಸೆನ್ಸರು ಅಥವಾ ತೇಲುವ ಥರ್ಮೋಕೋಲ್ ಬಿಲ್ಲೆಯ ಸ್ವಿಚ್ಚು ಮೆಷೀನನ್ನು ತಡೆಯುತ್ತದೆ.

ಪ್ಲಗ್ ಕಿತ್ತು ನಲ್ಲಿ ಬಂದ್ ಮಾಡಿ. ಕೆಳಪಟ್ಟಿ ಬಿಚ್ಚಿದಾಗ ತಟ್ಟೆ ಕೈಗೆ ಸಿಗುವಂತಿದ್ದರೆ ಸ್ಪಂಜಿನಲ್ಲಿ ನೀರು ಹೀರಿ. ಸಿಗದಿದ್ದರೆ ಪೈಪುಗಳನ್ನು ಬಿಚ್ಚಿ, ಮೆಷೀನನ್ನು ಹೊರಗೆಳೆದು, ಇಬ್ಬರು ಹಿಡಿದು ಹಿಂದಕ್ಕೆ ಸುಮಾರು 45 ಡಿಗ್ರಿ ವಾಲಿಸಿ ನೀರು ಬಸಿಯಿರಿ. ಒಬ್ಬರೇ ಮಾಡುವ ಕೆಲಸವಲ್ಲ, 40-50 ಕಿಲೋ ತೂಕವಿರುತ್ತದೆ. ಒಂದು ದಿನ ಒಣಗಲು ಬಿಟ್ಟು ಮತ್ತೆ ಓಡಿಸಿ. ನೊರೆಯಿಂದ ಒಂದು ಸಲ ಆದದ್ದಾದರೆ ಮತ್ತೆ ಬರುವುದಿಲ್ಲ. ಬಂದರೆ ಒಳಗೆ ಜಿನುಗುವ ಜಾಗವಿದೆ, ಮೆಕ್ಯಾನಿಕ್ ಬೇಕು. ಸ್ವಿಚ್ಚಿನ ವೈರು ತಪ್ಪಿಸಿ ಓಡಿಸಿಕೊಡುತ್ತೇನೆ ಎನ್ನುವವರಿಗೆ ಒಪ್ಪಬೇಡಿ. ಆ ನೀರಿನ ಪಕ್ಕದಲ್ಲೇ ಮೋಟಾರಿನ ಕರೆಂಟು ಇದೆ.

ಮೆಷೀನಿನ ನಡುಭಾಗದಿಂದ ಹನಿ ಬೀಳುತ್ತೆ, ಕೆಳಗೆ ಬಿಳೀ ಕಲೆ ಇದೆ.

ತೊಳೆಯುವ ಪಂಪಿನ ಸೀಲು ಸವೆದಿರಬೇಕು. ಮೋಟಾರಿನ ದಂಡ ನೀರಿನೊಳಗೆ ಹೋಗುವ ಜಾಗದಲ್ಲಿ ಈ ಸೀಲು ಇರುತ್ತದೆ. ಸವೆದಾಗ ಮೊದಲು ಸಣ್ಣ ಹನಿ, ಸುಣ್ಣದ ಕಲೆ, ಆಮೇಲೆ ಕಿರ್ ಎಂಬ ಸದ್ದು. ಸದ್ದು ಬಂದಿತೆಂದರೆ ನೀರು ಬೇರಿಂಗ್ ತಲುಪಿದೆ. ಹನಿಯ ಹಂತದಲ್ಲೇ ತೋರಿಸಿದರೆ, ಬಿಡಿ ಸೀಲು ಸಿಗುವ ಮಾಡೆಲ್‌ಗಳಲ್ಲಿ ಅದರಿಂದಲೇ ಕೆಲಸ ಮುಗಿಯುತ್ತದೆ. ತಡಮಾಡಿದರೆ ಪೂರ್ತಿ ಪಂಪು.

ಮಳೆಗಾಲದಲ್ಲಿ ಅರ್ಧದಲ್ಲಿ ಕರೆಂಟ್ ಹೋಗುತ್ತೆ. ಆಗ ಒಳಗಿನ ನೀರು ಸೋರುತ್ತಾ?

ಸರಿಯಿರುವ ಮೆಷೀನಿನಿಂದ ಸೋರುವುದಿಲ್ಲ. ಕರೆಂಟು ಇಲ್ಲದಾಗ ಒಳಬರುವ ವಾಲ್ವು ತಾನೇ ಮುಚ್ಚಿಕೊಳ್ಳುತ್ತದೆ. ಸಿಂಪಡಿಕೆ ನಿಂತಾಗಲೂ ಕೆಳಗೆ ಒದ್ದೆಯಾದರೆ, ಸೋರಿಕೆ ಬಾಗಿಲಿನದಲ್ಲ, ತಳದ ಭಾಗದ್ದು ಎಂದು ಅಲ್ಲಿಗೇ ತೀರ್ಮಾನವಾಯಿತು. ಮನೆಯ ಇನ್ವರ್ಟರಿಗೆ ಮಾತ್ರ ಜೋಡಿಸಬೇಡಿ, ಹೀಟರಿನ ಲೋಡು ಅದು ತಡೆಯುವುದಿಲ್ಲ.

ಬೋರ್ ನೀರಿಗೂ ಸೋರಿಕೆಗೂ ಸಂಬಂಧ ಇದೆಯಾ?

ಇದೆ, ಆದರೆ ನಿಧಾನ. ಹೇಮಾವತಿ, ಯಗಚಿಯ ನದಿ ನೀರು ಬರುವ ಮನೆಗಳಲ್ಲಿ ಈ ಚಿಂತೆ ಕಡಿಮೆ. ಅರಸೀಕೆರೆ, ಕಡೂರು ಕಡೆಯ ಆಳದ ಬೋರಿನ ಗಡಸು ನೀರು ರಬ್ಬರಿನ ಮೇಲೆ ಸುಣ್ಣ ಕಟ್ಟಿ ಅದನ್ನು ಬಿರುಸಾಗಿಸುತ್ತದೆ, ಪಂಪಿನ ಸೀಲನ್ನು ಉಜ್ಜುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಗಡಸುತನದ ಒಪ್ಪಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದರೆ 600. ಟಿಡಿಎಸ್ ಮೀಟರು ಗಡಸುತನ ಹೇಳುವುದಿಲ್ಲ. ಮೆಷೀನಿನ ಜೊತೆ ಬರುವ ಟೆಸ್ಟ್ ಪಟ್ಟಿಯಲ್ಲೋ ಲ್ಯಾಬಿನಲ್ಲೋ ನೋಡಿ ಸಾಫ್ಟ್‌ನರ್ (ಮೆಷೀನಿನೊಳಗೆ ನೀರಿನ ಗಡಸುತನ ಇಳಿಸುವ ಭಾಗ) ಸೆಟ್ಟಿಂಗ್ ಇಡಿ. ಪುಸ್ತಕದಲ್ಲಿ ಜರ್ಮನ್ ಡಿಗ್ರಿ ಕೊಟ್ಟಿದ್ದರೆ, 1 ಡಿಗ್ರಿ ಎಂದರೆ ಲೀಟರಿಗೆ 17.8 ಮಿಲಿಗ್ರಾಂ.

ಅಡುಗೆಯ ಕಲ್ಲುಪ್ಪು ಸಾಫ್ಟ್‌ನರಿಗೆ ಹಾಕಬೇಡಿ, ಡಿಶ್‌ವಾಷರ್ ಉಪ್ಪೇ ಬೇಕು. ತುಂಬಿದ ಕೂಡಲೇ ಚೆಲ್ಲಿದ ಉಪ್ಪನ್ನು ಒರೆಸಿ ಒಂದು ಪ್ರೋಗ್ರಾಂ ಓಡಿಸಿ. ಉಪ್ಪುನೀರು ರಾತ್ರಿಯಿಡೀ ನಿಂತರೆ ಸ್ಟೀಲ್ ತಳದಲ್ಲೂ ತುಕ್ಕಿನ ಚುಕ್ಕೆ ಏಳುತ್ತದೆ, ವರ್ಷಗಳಲ್ಲಿ ಅದೇ ತೂತು.

ಮೂರು ತಿಂಗಳು ಮನೆ ಬೀಗ ಹಾಕಿತ್ತು. ಬಂದು ಓಡಿಸಿದ್ರೆ ಸೋರ್ತಿದೆ.

ಸೀಲುಗಳು ಒಣಗಿವೆ. ಒಂದೂವರೆ ಲೀಟರ್ ಉಗುರುಬೆಚ್ಚಗಿನ ನೀರನ್ನು ತಳಕ್ಕೆ ಸುರಿದು ಒಂದು ಗಂಟೆ ಬಿಡಿ, ಆಮೇಲೆ ರಿನ್ಸ್ ಓಡಿಸಿ. ಎರಡು ಮೂರು ಸಲದಲ್ಲಿ ನಿಲ್ಲದಿದ್ದರೆ ಸೀಲು ಬದಲಿಸಬೇಕು. ಇನ್ನು ಮುಂದೆ ಬೀಗ ಹಾಕುವಾಗ ನಲ್ಲಿ ಬಂದ್ ಮಾಡಿ, ಬಾಗಿಲನ್ನು ಒಂದಂಗುಲ ತೆರೆದಿಡಿ.

ಬಿರುಕಿಗೆ ಎಂ-ಸೀಲ್ ಹಚ್ಚಿದ್ರೆ ಆಗಲ್ವಾ?

ಆಗಲ್ಲ. ತಳದ ನೀರಿನ ಬಟ್ಟಲು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದು. ಅದಕ್ಕೆ ಎಂ-ಸೀಲ್‌ನಂಥ ಎಪಾಕ್ಸಿ ಅಂಟು ಹಿಡಿಯುವುದಿಲ್ಲ, 65-70 ಡಿಗ್ರಿ ನೀರು ತಾಗಿದಾಗ ಸಿಪ್ಪೆಯಂತೆ ಏಳುತ್ತದೆ. ರಬ್ಬರಿಗೂ ಅಷ್ಟೇ.

ಮೆಕ್ಯಾನಿಕ್ ಬೇರೆ ಊರಿಂದ ಬರಬೇಕು. ಫೋನಲ್ಲಿ ಏನು ಹೇಳಿದ್ರೆ ಒಂದೇ ಸಲಕ್ಕೆ ಕೆಲಸ ಆಗುತ್ತೆ?

ಬಾಗಿಲಿನ ಅಂಚಿನ ಸ್ಟಿಕ್ಕರಿನ ಫೋಟೋ ಕಳಿಸಿ. ನೀರು ಮುಂದೆಯೋ, ಹಿಂದೆಯೋ, ನಡುವೆಯೋ, ಶುರುವಾದ ಎಷ್ಟನೇ ನಿಮಿಷಕ್ಕೆ, ಒಂದು ಲೋಟವೋ, ಅರ್ಧ ಬಕೆಟ್ಟೋ, ನೊರೆಯಿತ್ತೇ, ಡಿಸ್‌ಪ್ಲೇಯಲ್ಲಿ ಯಾವ ಕೋಡು, ನಲ್ಲಿ ಬಂದ್ ಮಾಡಿದಾಗ ನಿಂತಿತೇ, ಇಷ್ಟನ್ನು ಬರೆದು ಕಳಿಸಿ. ಹಾಸಿದ ಕಾಗದ ಒದ್ದೆಯಾದ ಜಾಗದ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಇಷ್ಟು ಗೊತ್ತಿದ್ದರೆ ಅವರು ಸರಿಯಾದ ಪಾರ್ಟು ಹಿಡಿದೇ ಹೊರಡುತ್ತಾರೆ. ಇಲ್ಲದಿದ್ದರೆ ಮೊದಲ ಸಲ ನೋಡಲು ಬಂದದ್ದಕ್ಕೂ, ಎರಡನೇ ಸಲ ಪಾರ್ಟು ತಂದದ್ದಕ್ಕೂ ಬೇರೆ ಬೇರೆ ವಿಸಿಟಿಂಗ್ ಚಾರ್ಜು ಕೊಡಬೇಕಾಗುತ್ತದೆ. ಬಿಚ್ಚಿದ ಹಳೆಯ ಪಾರ್ಟನ್ನು ನಿಮ್ಮ ಕೈಗೇ ಕೊಡಲು ಹೇಳಿ.